ನನ್ನ ಜನ್ಮನಕ್ಷತ್ರಕ್ಕೆ ವಯಸ್ಸಾಯಿತು

ಹೆದರುವುದಕ್ಕೆ ನನಗೆ ದೊಡ್ಡ ಕಾರಣವೇನೂ ಬೇಕಿಲ್ಲ. ಹೆಂಡತಿ ಗ್ಯಾಸ್ ಸಿಲಿಂಡರು ಬದಲಾಯಿಸುವಾಗ ಅಂಗಳಕ್ಕೆ ಹೋಗಿ ಹೂಗಿಡಗಳ ಯೋಗಕ್ಷೇಮ ವಿಚಾರಿಸುವ ಗಂಡಸು ನಾನು. ಇಂಥವನಿಗೆ ತೊಂಬತ್ತರ ದಶಕದ ಕೊನೆಯಲ್ಲಿ ಹರ್ನಿಯಾ ಆಪರೇಷನ್ ಆಗಬೇಕೆಂದರು. "ಸಣ್ಣದು, ಹೆದರಬೇಡಿ" ಎಂದರು ಡಾಕ್ಟರು. ಸಣ್ಣದೋ ದೊಡ್ಡದೋ, ಕೊಯ್ಯುವುದು ನನ್ನ ಹೊಟ್ಟೆಯನ್ನು ತಾನೇ!

ನನ್ನ ಹೆಂಡತಿ ವಾರಿಜಳಿಗೆ ಹೆದರಿಕೆಯೂ ಇಲ್ಲ, ದೇವರೂ ಇಲ್ಲ. ಅವಳು ನಕ್ಷತ್ರಗಳ ವಿಜ್ಞಾನಿ. ಆಗಾಗ ಬೆಂಗಳೂರಿನ ಕುಕ್ ಟೌನಿನ ನಮ್ಮ ಮನೆಯಿಂದ ಜೀಪು ಹತ್ತಿ, ತಮಿಳುನಾಡಿನ ಬೆಟ್ಟದ ಮೇಲಿನ ದೊಡ್ಡ ಟೆಲಿಸ್ಕೋಪಿನ ಹತ್ತಿರ ಕೆಲವು ದಿನ ಇದ್ದು ಬರುತ್ತಾಳೆ. ನಕ್ಷತ್ರಗಳು ಹುಟ್ಟಿ, ಬೆಳೆದು, ಮುದಿಯಾಗುವುದನ್ನು ನೋಡುವುದು ಅವಳ ಕೆಲಸ. "ಅಷ್ಟು ಕಾಲ ನೀನೆಲ್ಲಿ ಬದುಕಿರ್ತೀಯೇ?" ಎಂದು ಒಮ್ಮೆ ಕೇಳಿದ್ದೆ. "ಮದುವೆಮನೆಗೆ ಹೋದ್ರೆ ಕೂಸೂ ಕಾಣುತ್ತೆ, ಮದುಮಗಳೂ ಕಾಣ್ತಾಳೆ, ಕೋಲೂರೋ ಅಜ್ಜನೂ ಕಾಣ್ತಾರೆ. ಮನುಷ್ಯ ಹೇಗೆ ಮುದುಕ ಆಗ್ತಾನೆ ಅಂತ ಒಂದೇ ಮಧ್ಯಾಹ್ನಕ್ಕೆ ಗೊತ್ತಾಗಲ್ವೇನ್ರೀ?" ಎಂದಳು. ಅವಳಿಗೆ ಇಷ್ಟವೆಲ್ಲ ಮುದಿ ನಕ್ಷತ್ರಗಳೇ. ನನ್ನನ್ನು ಒಪ್ಪಿಕೊಂಡದ್ದೂ ಅದಕ್ಕೇ ಇರಬೇಕು.

ಆಪರೇಷನ್ ಹತ್ತಿರ ಬಂದಾಗ ಒಂದು ಸಂಜೆ, ಹುರುಳಿಕಾಯಿ ನಾರು ತೆಗೆಯುತ್ತಾ, "ಈ ಸಲ ಆರ್ದ್ರಾ ನಕ್ಷತ್ರ ನೋಡಿದೆ. ಊದಿಕೊಂಡು ಕೆಂಪಗಾಗಿದೆ. ಇವತ್ತೋ ನಾಳೆಯೋ ಸಿಡಿಯುತ್ತೆ" ಎಂದಳು. ಅಯ್ಯೋ, ಅದು ನನ್ನ ಜನ್ಮನಕ್ಷತ್ರ! ನನ್ನ ಮುಖ ನೋಡಿ, "ಇನ್ನೂ ಲಕ್ಷ ವರ್ಷ ಆದ್ರೂ ಆಗಬಹುದು ಬಿಡ್ರೀ" ಎಂದು ಸಮಾಧಾನ ಹೇಳಿದಳು. ಹೆದರಿದವನ ಕಿವಿಗೆ "ನಾಳೆ" ಕೇಳಿಸುತ್ತದೆಯೇ ಹೊರತು ಲಕ್ಷ ವರ್ಷ ಕೇಳಿಸುವುದಿಲ್ಲ. ಹಾಗಾದರೆ ಆರೋಗ್ಯವಾಗಿರುವುದು ಯಾವುದು ಎಂದು ಮೆಲ್ಲಗೆ ವಿಚಾರಿಸಿದೆ. ರೋಹಿಣಿಗೂ ವಯಸ್ಸಾಗಿದೆಯಂತೆ. ಜ್ಯೇಷ್ಠಾದ ಗತಿಯೂ ನನ್ನದೇ ಅಂತೆ. ಶ್ರವಣ ಮಾತ್ರ ಇನ್ನೂ ಹರೆಯದಲ್ಲಿದೆಯಂತೆ.

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಹಲಸೂರಿನ ಈಶ್ವರನ ಗುಡಿಗೆ ಹೋಗಿ ಅರ್ಚನೆಗೆ ನಿಂತೆ. ಅರ್ಚಕರು ಹೆಸರು, ಗೋತ್ರ ಕೇಳಿ, "ನಕ್ಷತ್ರ?" ಎಂದರು. "ಶ್ರವಣ" ಎಂದುಬಿಟ್ಟೆ. ಮಂಗಳಾರತಿ ಎತ್ತಿದಾಗ ಈಶ್ವರ ನನ್ನನ್ನೇ ದುರುಗುಟ್ಟಿ ನೋಡಿದಂತಾಯಿತು. ಆಪರೇಷನ್ನಿನ ಹೆದರಿಕೆಯ ಜೊತೆಗೆ ದೇವರಿಗೇ ಸುಳ್ಳು ಹೇಳಿದ ಹೆದರಿಕೆಯೂ ಗಂಟುಬಿತ್ತು.

ಆಪರೇಷನ್ ದಿನ ಹಸಿರು ಗೌನು ತೊಡಿಸಿ ಸ್ಟ್ರೆಚರಿನ ಮೇಲೆ ಮಲಗಿಸಿದ್ದರು. ವಾರಿಜ ಬ್ಯಾಗಿನಿಂದ ಸಣ್ಣ ಪೊಟ್ಟಣ ತೆಗೆದು ನನ್ನ ಹಣೆಗೆ ವಿಭೂತಿ ಹಚ್ಚಿದಳು. ನಾನು ಕಣ್ಣುಕಣ್ಣು ಬಿಟ್ಟೆ.

"ಹಲಸೂರಿನ ಗುಡಿಗೆ ಹೋಗಿದ್ದೆ. ನಿಮ್ಮ ಹೆಸರು, ಗೋತ್ರ ಹೇಳ್ತಿದ್ದ ಹಾಗೇ ಅರ್ಚಕರು, 'ಇವರು ಮೊನ್ನೆ ಬಂದಿದ್ರು, ಶ್ರವಣ ಅಲ್ವಾ?' ಅಂದ್ರು. ನಾನು ಆರ್ದ್ರಾ ಅಂತಲೇ ಮಾಡಿಸಿದೆ. ಅರ್ಚನೆ ಬೇಕಾಗಿರೋದು ಕಾಯಿಲೆಯವರಿಗೆ ತಾನೇ? ಗಟ್ಟಿಮುಟ್ಟಾಗಿರೋರಿಗೆ ಯಾಕ್ರೀ?"

ಮಾತೇನೋ ಸರಿಯೇ. ಆದರೆ ಇಂಥವಳೇ ಗುಡಿಗೆ ಹೋಗಿದ್ದಾಳೆಂದರೆ ನನ್ನ ಕಥೆ ಮುಗಿಯಿತು!

"ನಿಜ ಹೇಳೇ, ಡಾಕ್ಟರು ಏನಂದ್ರು?"

"ಅವರೇನೂ ಹೇಳಿಲ್ಲ ಕಣ್ರೀ." ಹಚ್ಚಿದ ವಿಭೂತಿಯ ಮೇಲೆಯೇ ಇನ್ನೊಮ್ಮೆ ಹಚ್ಚಿದಳು. "ನಂಗೇ ಹೆದರಿಕೆ ಆಯ್ತು."

ಸ್ಟ್ರೆಚರು ಹೊರಟಿತು. ಮನೆಯಲ್ಲಿ ಹೆದರುವವನು ನಾನೊಬ್ಬನೇ ಅಲ್ಲ ಎಂದು ತಿಳಿದು ನನ್ನ ಅರ್ಧ ಹೆದರಿಕೆ ಅಲ್ಲೇ ಇಳಿಯಿತು. ಉಳಿದ ಅರ್ಧಕ್ಕೆ, ಸೂಜಿ ಇನ್ನೂ ತಟ್ಟೆಯಲ್ಲಿರುವಾಗಲೇ "ಅಮ್ಮಾ" ಎಂದು ಕಿರುಚಿಕೊಂಡೆ.