ನೀಲಿ ಕೊಕ್ಕಿನ ಗಿಣಿಯ ಚಡಾವು

ನಮ್ಮ ಮನೆಯ ಬೀರುವಿನಲ್ಲಿ ಮೇಲಿನ ಖಾನೆ ಚಪ್ಪಲಿಗೆ, ಕೆಳಗಿನದು ನನ್ನ ಅಂಗಿಗೆ. ಚಪ್ಪಲಿ ಎಂದರೆ ಅಂತಿಂಥದ್ದಲ್ಲ. ನನ್ನ ಹೆಂಡತಿ ನಾಗಮಲ್ಲಮ್ಮನ ಅಜ್ಜಿ, ಧನಗೆರೆಯ ಪಟೇಲರ ಮನೆ ಸೊಸೆ, ಮೆಟ್ಟಿ ಮೆರೆದ ಚಡಾವು! ಕೆಂಪು ಚರ್ಮ, ಮೇಲಕ್ಕೆ ಬಾಗಿದ ಮೂತಿ, ಮೂತಿಯ ಮೇಲೆ ದಾರದಲ್ಲಿ ಹೊಲಿದ ಗಿಣಿ. ಗಿಣಿಯ ಕೊಕ್ಕು ಮಾತ್ರ ನೀಲಿ. (ಯಾಕೆಂದು ಮದುವೆಯಾದ ಹೊಸತರಲ್ಲಿ ಕೇಳಿದ್ದೆ. "ಕೆಂಪು ಕೊಕ್ಕು ಬಡವರ ಮನೆ ಗಿಣೀಗೆ ಕಣ್ರಿ," ಎಂದಳು. ಆಮೇಲೆ ಕೇಳಲಿಲ್ಲ.)

ನನ್ನ ಚಪ್ಪಲಿ ಹೊಸಿಲು ದಾಟಿದರೆ ಮನೆಯನ್ನೆಲ್ಲ ತೊಳೆಯುವವಳು ಈ ಪಾದರಕ್ಷಾ ಪರಮೇಶ್ವರಿಗೆ ಮಾತ್ರ ರೇಷ್ಮೆ ಚೌಕ ಹೊದಿಸಿ ಮಲಗಿಸುತ್ತಿದ್ದಳು. ಜಗಳವಾದಾಗಲೆಲ್ಲ ಬೀರುವಿನ ಬಾಗಿಲು ತೆರೆಯುತ್ತಿತ್ತು.

"ನಮ್ಮಜ್ಜಿ ಚಡಾವು ಮೆಟ್ಕಂಡು ಓಡಾಡೋವಾಗ ನಿಮ್ಮಜ್ಜಿ ಕಾಲ್ನಲ್ಲಿ ಏನಿತ್ತು?"

ಮುಳ್ಳಿತ್ತು. ಆದರೆ ಹೇಳುವಂತಿರಲಿಲ್ಲ.

೧೯೯೬ರಲ್ಲಿ ಕೊಳ್ಳೇಗಾಲದ ನಮ್ಮ ಮನೆಗೆ ಮಹಡಿ ಏರಿಸುತ್ತಿದ್ದೆವು. ಹೊಸ ಗೋಡೆ ಬಿರುಕು ಬಿಟ್ಟಿತು. ಗಾರೆ ಕೆಲಸದ ಬಿಳಿಗಿರಿ ಕತ್ತೆತ್ತಿ ನೋಡಿ, "ಯಾರ್ದೋ ಕಣ್ ಬಿದ್ದದೆ ಸಾ. ಒಂದ್ ಅಳೇ ಮೆಟ್ಟು ನೇತಾಕಿ," ಎಂದ. ನನ್ನ ಮೆಟ್ಟೂ ಹಳೆಯದೇ, ಆದರೆ ಇದ್ದದ್ದು ಅದೊಂದೇ ಜೊತೆ. ಆಗ ಹೊಳೆಯಿತು: ರೇಷ್ಮೆ ಹೊದ್ದು ಮಲಗಿರುವ ಮಹಾರಾಣಿಯೂ ಸ್ವಲ್ಪ ದುಡಿಯಲಿ! ಹೆಂಡತಿ ಅಡುಗೆಮನೆಯಲ್ಲಿದ್ದಾಗ ಒಂದು ಕಾಲಿನದ್ದನ್ನು ಎತ್ತಿ ತಂದು, ಮಹಡಿಯ ಸಾರುವೆ ಗಳಕ್ಕೆ ಬೂದುಗುಂಬಳದ ಪಕ್ಕ ಕಟ್ಟಿಸಿದೆ. (ಸುಳ್ಳೇಕೆ, ಇಪ್ಪತ್ತು ವರ್ಷದ ಸಿಟ್ಟು ಕೊಂಚ ಇಳಿಯಿತು.) ಮಗಳು ಭವ್ಯಶ್ರೀಯನ್ನು ನೋಡಲು ಯಳಂದೂರಿನಿಂದ ಗಂಡಿನವರು ಬರುವವರಿದ್ದರು. ಅಷ್ಟರಲ್ಲಿ ಬಿಚ್ಚಿದರಾಯಿತು ಎಂದುಕೊಂಡವನು ಮರೆತೇಬಿಟ್ಟೆ.

ಗಂಡಿನವರು ಬಂದರು. ಎಲ್ಲರೂ ಒಳಗೆ ಬಂದರೂ ಹುಡುಗನ ಅಜ್ಜಿ ವೀರಮ್ಮ ಬೀದಿಯಲ್ಲೇ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದರು.

"ಅದ್ನ ಕೆಳಕ್ಕಿಳ್ಸಿ."

ಇಳಿಸಿದೆ. ಹೆಂಡತಿಯ ಮುಖ ನೋಡುವ ಧೈರ್ಯ ಬರಲಿಲ್ಲ.

"ಇದು ನಮ್ಮವ್ವಂದು!" ಎಂದರು ವೀರಮ್ಮ. "ಕೆಂಪು ದಾರ ಮುಗ್ದೋಯ್ತು ಅಂತ ಕೊಕ್ಕಿಗೆ ನೀಲಿ ಆಕಿದ್ಲು. ಮುಳ್ಳೂರ್ ಮದ್ವೇಲಿ ಚಪ್ಪರದಾಚೆ ಬುಟ್ಟು ಉಣ್ಣಾಕ್ ಕೂತ್ಲು. ಎದ್ದು ಬಂದ್ರೆ ಇಲ್ಲ! ಅಳ್ತಾ ಬರಿಗಾಲಲ್ಲಿ ಮನಗ್ ಬಂದ್ಲು. ಯಾರ್ ತಕಂಡೋಗಿದ್ದು?"

ಆಹಾ, ಪಟೇಲರ ಮನೆಯ ಘನತೆಯೇ! ಇಪ್ಪತ್ತು ವರ್ಷ ಕಾದ ಗಳಿಗೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ನಾಗಮಲ್ಲಮ್ಮ ಮುಂದೆ ಬಂದಳು.

"ನಮ್ ಕಡೇದಲ್ಲ ಕಣವ್ವಾ. ಇವ್ರಜ್ಜೀದು. ಆಯಮ್ಮನ್ ಕೈ ಸುಮ್ಕಿರ್ತಿರ್ನಿಲ್ವಂತೆ."

ಅಲ್ಲೇ ಕುರುಕ್ಷೇತ್ರವಾಗಬೇಕಿತ್ತು. ಆದರೆ ಬಾಗಿಲ ಸಂದಿಯಲ್ಲಿ ಭವ್ಯಶ್ರೀ ನಿಂತಿದ್ದಳು. ಹುಡುಗನ ಫೋಟೊ ನೋಡಿದಂದಿನಿಂದ ಊಟ ಮರೆತಿದ್ದ ಮಗಳು ಕಣ್ಣಲ್ಲೇ ನನಗೆ ಕೈಮುಗಿದಳು. ಜನ್ಮದಲ್ಲೇ ಚಪ್ಪಲಿ ಮೆಟ್ಟದ ನನ್ನ ಅಜ್ಜಿಗೆ ಮನಸ್ಸಿನಲ್ಲೇ ಅಡ್ಡಬಿದ್ದೆ.

"ಊಂ ಕಣವ್ವ," ಎಂದೆ. "ನಮ್ಮಜ್ಜಿಗೆ ಆ ಚಾಳಿ ಇತ್ತು."

ವೀರಮ್ಮ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಮಗಳನ್ನು ನೋಡಿದರು. "ಸದ್ಯ, ಎಣ್ಣು ತಾಯ್ನ ಓಲ್ತದೆ. ನಮ್ಗೆ ಒಪ್ಗೆ," ಎಂದರು. ಎರಡು ಕಾಲಿನ ಚಡಾವೂ ಅವರ ಮಡಿಲು ಸೇರಿ ಯಳಂದೂರಿಗೆ ಹೋಯಿತು.

ಮದುವೆ ಚೆನ್ನಾಗಿಯೇ ನಡೆಯಿತು. ಈಗಲೂ ಬೀಗರ ಮನೆಗೆ ಹೋದರೆ, ನಾನು ಬೀದಿ ತಿರುವಿನಲ್ಲಿ ಕಂಡ ಕೂಡಲೇ ವೀರಮ್ಮ ಜಗಲಿ ಮೇಲಿನ ಮೆಟ್ಟುಗಳನ್ನೆಲ್ಲ ಬಾಚಿ ಒಳಗಿಡುತ್ತಾರೆ. ನನ್ನ ಹಿಂದೆ ಬರುವ ಹೆಂಡತಿ ಅಲ್ಲಿಂದಲೇ ಕೂಗುತ್ತಾಳೆ:

"ಅವ್ವಾ, ಆ ಮೂಲೇಲಿ ಇನ್ನೊಂದ್ ಜೊತೆ ಉಳ್ಕಂಡದೆ ನೋಡಿ!"