ಮಾವ ಎವರೆಸ್ಟ್ ಹತ್ತಿದ್ದು

ಇವತ್ತು ತಾರೀಖು ಎಷ್ಟು ಎಂದು ನನ್ನ ಸೋದರಮಾವನಿಗೆ ಗೊತ್ತಾಗುವುದು ಅಪಾಯಕಾರಿ. ತಮಾಷೆಯಲ್ಲ, ಆ ಅಪಾಯವನ್ನು ಕಣ್ಣಾರೆ ಕಂಡವನು ನಾನು. ಈಗಲೂ ಶಿರಾದಿಂದ ಬಸ್ಸಿನಲ್ಲಿ ಬರುವಾಗ ಮಧುಗಿರಿ ಬೆಟ್ಟ ಕಂಡಿತೆಂದರೆ ನನ್ನ ಎರಡೂ ಕಾಲು ಮುಂದಿನ ಸೀಟಿನ ಸರಳನ್ನು ಗಟ್ಟಿಯಾಗಿ ಒತ್ತಿಕೊಳ್ಳುತ್ತವೆ. ಪಾಪ, ಡ್ರೈವರಿಗೆ ಕೊಟ್ಟಂತೆ ನನಗೂ ಒಂದು ಬ್ರೇಕ್ ಕೊಟ್ಟಿದ್ದಾರೆಂದು ಪಕ್ಕದವರು ತಿಳಿಯುತ್ತಾರೆ.

ಮಾವ ಪುರವರದ ಕಡೆ ಕಡ್ಲೆಕಾಯಿ ಬೆಳೆಯುವ ರೈತ. ಹರೆಯದಲ್ಲಿ ಸರ್ಕಾರಿ ಕೆಲಸದ ಪರೀಕ್ಷೆಗೆಂದು ಸಾಮಾನ್ಯ ಜ್ಞಾನದ ದಪ್ಪ ಪುಸ್ತಕವೊಂದನ್ನು ಬಾಯಿಪಾಠ ಮಾಡಿದ್ದರಂತೆ. ಕೆಲಸ ಸಿಗಲಿಲ್ಲ, ತಾರೀಖುಗಳು ಬಿಡಲಿಲ್ಲ. ಮಳೆ ಬಿದ್ದರೆ ಹೊಲ ಅವರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿ ಹಿಡಿಯುವವರು ಯಾರು? ಏಪ್ರಿಲ್ ಬಂತೆಂದರೆ ಜಗತ್ತಿನ ಚರಿತ್ರೆಯೆಲ್ಲ ನಮ್ಮ ಅತ್ತೆಯ ಅಂಗಳಕ್ಕೆ ಬಂದು ಇಳಿಯುತ್ತದೆ.

ಟೈಟಾನಿಕ್ ಮುಳುಗಿದ ದಿನ ಮಾವ ನೀರಿನ ತೊಟ್ಟಿಯಲ್ಲಿ ಅತ್ತೆಯ ಸ್ಟೀಲ್ ದಬರಿ ತೇಲಿಬಿಟ್ಟರು. ಸೋಡಾ ಅಂಗಡಿಯಿಂದ ಮಂಜುಗಡ್ಡೆಯೂ ಬಂತು. ಹಡಗು ಹೋಗಿ ಅದಕ್ಕೆ ಡಿಕ್ಕಿ ಹೊಡೆಯಬೇಕು, ಮುಳುಗಬೇಕು, ನಾವು ಒಂದು ನಿಮಿಷ ಮೌನವಾಗಿರಬೇಕು. ಆದರೆ ನಮ್ಮ ಕಡೆಯ ಬಿಸಿಲು ಕೇಳಬೇಕಲ್ಲ! ದಬರಿ ಅಲ್ಲಿಗೆ ತಲುಪುವಷ್ಟರಲ್ಲಿ ಮಂಜುಗಡ್ಡೆ ಕರಗಿ ನೀರಾಗಿತ್ತು. ಹೀಗೆ ಆ ಹಡಗು ಇತಿಹಾಸದಲ್ಲೇ ಮೊದಲ ಬಾರಿಗೆ ಸುರಕ್ಷಿತವಾಗಿ ದಡ ಸೇರಿತು.

ಅತ್ತೆ ದಬರಿ ಎತ್ತಿಕೊಂಡು ಒಳಗೆ ಹೋಗುತ್ತಾ, "ಯಾವ್ದೋ ದೇಶದ ಹಡಗಿಗೆ ತಿಥಿ ಮಾಡ್ತೀರಲ್ಲ, ನಮ್ಮಪ್ಪನ ತಿಥಿ ಯಾವತ್ತು ಹೇಳಿ ನೋಡಾನ" ಎಂದರು.

ಮಾವ ಆಕಾಶ ನೋಡಿದರು. ಆ ಪ್ರಶ್ನೆ ಪುಸ್ತಕದಲ್ಲಿರಲಿಲ್ಲ.

ಮರುದಿನವೇ ದೇಶದಲ್ಲಿ ಮೊದಲ ಪ್ರಯಾಣಿಕರ ರೈಲು ಓಡಿದ ದಿನ. ರೈಲಿಲ್ಲದ ಮಧುಗಿರಿಯಲ್ಲಿ ಅದನ್ನು ಆಚರಿಸುವುದು ಹೇಗೆ? ಮಾವ ಹಸಿರು ಬಾವುಟ ಹಿಡಿದು ಮಿಡಿಗೇಶಿಗೆ ಹೊರಟ ಬಸ್ಸಿನ ಮುಂದೆ ನಿಂತುಬಿಟ್ಟರು.

"ಯಜಮಾನ್ರೇ, ಹತ್ತಂಗಿದ್ರೆ ಹತ್ತಿ, ಇಲ್ದಿದ್ರೆ ಪಕ್ಕಕ್ಕೆ ಬನ್ನಿ" ಎಂದ ಕಂಡಕ್ಟರ್.

"ಮೊದಲ್ನೇ ರೈಲು ಹೊಂಟಿದ್ದು ಇವತ್ತೇ ಕಣಪ್ಪ."

"ಹೊಂಟಿದ್ರೆ ಹೋಗ್ಲಿ ಬುಡಿ. ಅದ್ಕೆ ನಮ್ ಬಸ್ ಯಾಕ್ ನಿಲ್ಬೇಕು?"

ಮಾವ ಬಾವುಟ ಬೀಸಿದ ಮೇಲೆಯೇ ಬಸ್ಸು ಹೊರಟದ್ದು. ಒಳಗಿದ್ದವರೊಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಅದೇ ತಪ್ಪಾಯಿತು. ಚಪ್ಪಾಳೆ ಬಿದ್ದ ಮೇಲೆ ಮನುಷ್ಯ ನೆಲದ ಮೇಲೆ ನಿಲ್ಲುತ್ತಾನೆಯೇ?

ಮೇ ಇಪ್ಪತ್ತೊಂಬತ್ತು, ಮನುಷ್ಯ ಎವರೆಸ್ಟ್ ತುದಿ ಮುಟ್ಟಿದ ದಿನ. ಬೆಳಿಗ್ಗೆಯೇ ಮಾವ ಒಂದು ಬಿದಿರು ಕೋಲಿಗೆ ಕೆಂಪು ಟವೆಲ್ ಕಟ್ಟಿ, ಆಮ್ಲಜನಕದ ಬದಲು ಎರಡು ಸೋಡಾ ಬಾಟಲಿ ನನ್ನ ಕೈಗೆ ಕೊಟ್ಟು, ಮಧುಗಿರಿ ಬೆಟ್ಟಕ್ಕೆ ಹೊರಡಿಸಿದರು. "ಮಂಡಿ ನೋವು ಅಂತ ರಾತ್ರಿಯೆಲ್ಲಾ ನರಳಿದ್ದು ಯಾರು?" ಎಂದು ಅತ್ತೆ ಬಾಗಿಲಲ್ಲೇ ತಡೆದರು. ನನ್ನ ಕಡೆ ತಿರುಗಿ, "ಲೇ, ಕರ್ಕಂಡ್ ಹೋದಂಗೇ ಕರ್ಕಂಡ್ ಬಾ" ಎಂದರು.

ಇಡೀ ಬೆಟ್ಟವೇ ಒಂದು ಬಂಡೆ. ಅರ್ಧ ದಾಟಿದ ಮೇಲೆ ಮೆಟ್ಟಿಲೆಂಬುದು ಬರೀ ಹೆಸರಿಗೆ. ಕಾಲೂರಲು ಕೊರೆದ ಕುಳಿಗಳು, ಅಲ್ಲಲ್ಲಿ ಹಿಡಿದುಕೊಳ್ಳಲು ಕಬ್ಬಿಣದ ಸರಳು. ಅಲ್ಲಿ ಮಾವನ ಉಸಿರು ಕೈಕೊಟ್ಟಿತು. ಎರಡೂ ಸೋಡಾ ಕುಡಿದು, "ಎವರೆಸ್ಟ್ ಇಲ್ಲಿಗೇ ಬುಡು" ಎಂದು ಘೋಷಿಸಿ, ಕೋಲು ಎತ್ತಿ ಹಿಡಿದರು. ಗಾಳಿ ಟವೆಲನ್ನು ಕಿತ್ತುಕೊಂಡಿತು. ಕೋಲನ್ನು ಅಲ್ಲೇ ಬಿಟ್ಟು ಮಾವ ಟವೆಲಿಗೆ ಕೈ ಚಾಚಿದರು.

ಆಮೇಲಿನದು ನನಗೆ ಇವತ್ತಿಗೂ ನಿಧಾನವಾಗಿಯೇ ಕಾಣುತ್ತದೆ. ಮಾವ ಕೂತರು. ಕೂತವರು ನಿಲ್ಲಲಿಲ್ಲ. ಜಾರುತ್ತಾ ಹೋದರು. ಬಂಡೆಗೆ ಪಂಚೆ ಉಜ್ಜುವ ಸದ್ದೊಂದೇ. ಅವರಿಂದಾಚೆ ಊರಿನ ಹೆಂಚಿನ ಮನೆಗಳು ಬೆಂಕಿಪೊಟ್ಟಣದ ಹಾಗೆ ಕಾಣುತ್ತಿದ್ದವು. ಯಾವ ಕಾಲದಲ್ಲೋ ಯಾರೋ ಕೊರೆದಿದ್ದ ಒಂದು ಕುಳಿಗೆ ಹಿಮ್ಮಡಿ ಸಿಕ್ಕಿ ನಿಂತರು.

ನಾನು ಹೊಟ್ಟೆಯ ಮೇಲೆ ಮಲಗಿ, ಒಂದು ಕೈಯಲ್ಲಿ ಸರಳು ಹಿಡಿದು, ಇನ್ನೊಂದರಲ್ಲಿ ಬಾವುಟದ ಕೋಲು ಚಾಚಿದೆ.

"ಲೇ, ಎವರೆಸ್ಟ್ ಮೇಲೂ ಇಂಗೇ ಒಂದ್ ಜಾಗ ಐತೆ ಕಣ್ಲಾ" ಎಂದರು ಮಾವ.

"ಮಾವ, ಬಾಯಿ ಮುಚ್ಕಂಡು ಕೋಲು ಹಿಡ್ಕೊಳ್ಳಿ."

ಹುಟ್ಟಿದಾಗಿನಿಂದ ಅವರಿಗೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಹಿಡಿದುಕೊಂಡರು. ಅಂಗುಲ ಅಂಗುಲವಾಗಿ ಮೇಲೆ ಬಂದು, ನನ್ನ ಪಕ್ಕದಲ್ಲಿ ಸರಳಿಗೆ ಒರಗಿ ಕೂತರು. ಆಮೇಲೆ ಮೆಲ್ಲಗೆ, "ನಿಮ್ಮತ್ತೆಗೆ ಹೇಳ್ಬ್ಯಾಡ ಕಣ್ಲಾ" ಎಂದರು.

ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಸಂಜೆ ಮಾವ ಬೆನ್ನು ಗೋಡೆಗೆ ಅಂಟಿಸಿಕೊಂಡೇ ಮನೆಯೊಳಗೆ ಓಡಾಡಿದರು. ಮರುದಿನ ಒಗೆಯಲು ಎತ್ತಿಕೊಂಡ ಪಂಚೆಯ ಹಿಂಭಾಗ ರಾಗಿ ಜರಡಿಯಂತಾಗಿತ್ತು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಬೈಯಲಿಲ್ಲ. ಮಡಿಚಿ ಪೆಟ್ಟಿಗೆಯಲ್ಲಿಟ್ಟರು.

ಮರುವರ್ಷ ಅದೇ ದಿನ ನಾನು ಬೇಕೆಂದೇ ರಜ ಹಾಕಿ ಪುರವರಕ್ಕೆ ಹೋದೆ, ಮಾವ ಮತ್ತೆ ಬೆಟ್ಟ ಹತ್ತದಂತೆ ಕಾಯಲು. ನೋಡಿದರೆ ಅಡುಗೆಮನೆಯಿಂದ ಶಾವಿಗೆ ಪಾಯಸದ ಘಮ. ಅತ್ತೆ ಮಾವನ ತಟ್ಟೆಗೆ ಬಡಿಸುತ್ತಿದ್ದರು.

ಮಾವನಿಗೆ ಹಿಗ್ಗೋ ಹಿಗ್ಗು. "ನೋಡ್ಲಾ, ಕೊನೇಗೂ ನಿಮ್ಮತ್ತೆಗೂ ಬುದ್ಧಿ ಬಂತು. ಎವರೆಸ್ಟ್‌ಗೆ ಪಾಯಸ ಮಾಡವ್ಳೆ."

"ಎವರೆಸ್ಟ್ ಕಟ್ಕಂಡು ನಂಗೇನಾಗ್ಬೇಕು?" ಎಂದರು ಅತ್ತೆ, ಸೌಟು ಕೆಳಗಿಡದೆ. "ಹತ್ತಿದ್ದನ್ನ ನೆನಪಿಟ್ಕಳಕ್ಕೆ ಊರೆಲ್ಲಾ ಐತೆ. ನೀವು ಇಳ್ದು ಮನೆಗ್ ಬಂದ್ರಲ್ಲ, ಅದನ್ನ ಯಾರ್ ನೆನಪಿಟ್ಕಬೇಕು?"

ಪ್ರತಿ ತಾರೀಖಿಗೂ ಒಂದು ಭಾಷಣ ಇಟ್ಟುಕೊಂಡಿರುವ ಮಾವ ತಲೆ ತಗ್ಗಿಸಿ ಪಾಯಸ ಉಂಡರು. ತಟ್ಟೆ ಬರಿದಾದ ಮೇಲೂ ಬೆರಳಿಂದ ಅದನ್ನೇ ಬಳಿಯುತ್ತಾ ಕೂತರು. ಆಮೇಲೆ, ಮುಖ ಎತ್ತದೆ, "ನಿಮ್ಮಪ್ಪನ ತಿಥಿ ಯಾವತ್ತೇ?" ಎಂದು ಕೇಳಿದರು.