ಬರಿ ಹೊಟ್ಟೆಯಲ್ಲಿ, ಚೀಲದ ತೂಕ ಕಳೆದು

ಒಂದು ಸಾಲು ಬರೆಯುವಷ್ಟರಲ್ಲಿ ಮತ್ತೆ ಮಗಳ ಕೂಗು. "ಅವ್ವಾ, ನನ್ನ ಇನ್ನೊಂದು ಸಾಕ್ಸ್ ಎಲ್ಲೈತಿ?" ನನ್ನ ಗಂಡ ಪೆನ್ನು ಹಿಡಿದರೆ ಮನೆಯವರು ಟಿವಿ ಸಣ್ಣ ಮಾಡುತ್ತಾರೆ. ನಾನು ಹಿಡಿದರೆ, ಇವಳಿಗೆ ಕೆಲಸವಿಲ್ಲ ಅಂದುಕೊಳ್ಳುತ್ತಾರೆ. ಸಾಕ್ಸ್ ಹುಡುಕಿ ಕೊಟ್ಟು ಬಂದು ಬರೆಯುತ್ತಿದ್ದೇನೆ. ನಮ್ಮ ಅತ್ತೆಯನ್ನು ತಪಾಸಣೆಗೆ ಹೊರಡಿಸಿದಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ.

ಅತ್ತೆಗೆ ಆಸ್ಪತ್ರೆ ಎಂದರೆ ಭಯ. ಕಾರಣವೂ ಇದೆ. ಮೋಟೆಬೆನ್ನೂರಿನಲ್ಲಿದ್ದ ಅವರ ತಂಗಿ ಎದೆಯಲ್ಲಿನ ಗಂಟನ್ನು ಯಾರಿಗೂ ಹೇಳದೆ ಮುಚ್ಚಿಟ್ಟು, ಕೈಮೀರಿದ ಮೇಲೆ ಹೇಳಿ, ಹೋಗಿಬಿಟ್ಟರು. ಅಂದಿನಿಂದ ಅತ್ತೆಯದು ಒಂದೇ ಮಾತು: "ನೋಡಿದ್ರ ತಾನ ಇರೂದು ಗೊತ್ತಾಗೂದು? ನೋಡೂದ ಬ್ಯಾಡ." ಹೇಗಾದರೂ ಒಮ್ಮೆ ಅವರ ಎದೆ ತಪಾಸಣೆ ಮಾಡಿಸಲೇಬೇಕೆಂದು ನಾನು ಹಟ ಹಿಡಿದೆ. ರೂಢಿಯಾಗಲಿ ಎಂದು ಸಕ್ಕರೆ, ತೂಕದಿಂದ ಶುರು ಮಾಡಿದೆ.

ಒಂದು

ಸಕ್ಕರೆ ತಪಾಸಣೆ ನಮ್ಮೂರು ಬ್ಯಾಡಗಿಯಲ್ಲೇ ಮಾಡಿಸಿದರೆ ಓಣಿಗೆಲ್ಲ ಸುದ್ದಿ ಎಂದು ರಾಣೆಬೆನ್ನೂರಿಗೆ ಹೋದೆವು. ಬರಿ ಹೊಟ್ಟೆಯಲ್ಲಿ ಬರಲು ಹೇಳಿದ್ದರು.

"ಏನರ ತಿಂದೀರೇನ್ರಿ ಅಮ್ಮಾರ?" ಎಂದಳು ನರ್ಸಮ್ಮ.

"ಒಂದಗಳು ಬಾಯಿಗೆ ಹಾಕಿಲ್ಲ ಯವ್ವಾ. ಬರೇ ಚಹಾ."

"ಚಹಾನೂ ಕುಡೀಬಾರದ್ರಿ!"

"ಚಹಾ ಕುಡೀಲಾರದ ಬಸ್ ಹತ್ತೂದು ಹೆಂಗ?"

ಇನ್ನೊಮ್ಮೆ ಹೋದೆವು. ಚಹಾ ಬಂದ್. ಅಂದು ಶನಿವಾರ. ಕದರಮಂಡಲಗಿಯಲ್ಲಿ ಬಸ್ಸು ಹತ್ತಿದ ಹೆಂಗಸೊಬ್ಬಳು ಹನುಮಪ್ಪನ ಪ್ರಸಾದವೆಂದು ಎಲ್ಲರ ಕೈಗೂ ಬಾಳೆಹಣ್ಣಿನ ತುಂಡು ಇಟ್ಟಳು. ನಾನು ತಿರುಗಿ ನೋಡುವಷ್ಟರಲ್ಲಿ ಅತ್ತೆಯ ಬಾಯಿ ಆಡುತ್ತಿತ್ತು.

"ದೇವರಿಗೆ ಬ್ಯಾಡ ಅನ್ನಾಕ ಬರತೈತೇನ?" ಎಂದರು.

ನರ್ಸಮ್ಮ ನನ್ನನ್ನು ಬದಿಗೆ ಕರೆದಳು. "ಅಕ್ಕಾರ, ಮೇಯಬಾರದಂತ ಎತ್ತಿಗೆ ಕಟ್ಟೂ ಬಾಯಿಕುಕ್ಕಿ ಮನ್ಯಾಗ ಇದ್ರ, ಮುಂದಿನ ಸಲ ಇವರಿಗೆ ಕಟ್ಟಿ ಕರಕೊಂಡ ಬರ್ರಿ."

ಎರಡು

ನಮ್ಮ ಮಾವನವರದು ಮೆಣಸಿನಕಾಯಿ ದಲಾಲಿ ಅಂಗಡಿ. ಮಾಲು ತೂಗುವಾಗ ಖಾಲಿ ಚೀಲದ ತೂಕ ಕಳೆಯುವುದನ್ನು ಅತ್ತೆ ಮದುವೆಯಾದಾಗಿನಿಂದ ನೋಡಿದವರು. ಓಣಿಯಲ್ಲಿ ಹೆಂಗಸರ ಆರೋಗ್ಯ ಶಿಬಿರ ನಡೆದಾಗ ತೂಕದ ಯಂತ್ರ ಹತ್ತಿದರು. ಸಿಸ್ಟರ್ "ಎಪ್ಪತ್ತೆಂಟು" ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು.

"ಚೀಲದ್ದು ತೆಗೀರಿ," ಎಂದರು ಅತ್ತೆ.

"ಯಾವ ಚೀಲಾರಿ?"

ಅತ್ತೆ ಇಳಕಲ್ ಸೀರೆಯ ಸೆರಗು ಎತ್ತಿ ತೋರಿಸಿದರು. "ಇದು, ಕೊರಳಾನ ಬಂಗಾರ, ಕೈಯಾನ ಬಳಿ. ಬರೇ ಮಾಲಿಂದಷ್ಟ ಬರಕೋರಿ."

ಸಾಲಿನಲ್ಲಿದ್ದವರೆಲ್ಲ "ನಮ್ದೂ ಹಂಗ ಹಿಡೀರಿ" ಎಂದರು. ಆ ಶಿಬಿರದ ಲೆಕ್ಕ ನಂಬಿದರೆ ನಮ್ಮ ಓಣಿಯ ಹೆಂಗಸರು ಗಾಳಿಗೆ ಹಾರಿ ಹೋಗಬೇಕು.

ಮೂರು

ಆಮೇಲೊಂದು ದಿನ ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ ನಮ್ಮ ಪಡಸಾಲೆಗೆ ಬಂದು, ಎದೆಯಲ್ಲಿ ಗಂಟು ಇದೆಯೋ ಇಲ್ಲವೋ ಬೆರಳಿನಿಂದ ಒತ್ತಿ ಹೇಗೆ ನೋಡಿಕೊಳ್ಳಬೇಕೆಂದು ಹೇಳಿಕೊಟ್ಟಳು. ನಾವು ವರ್ಷದ ಖಾರಪುಡಿಗೆ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕುಳಿತಿದ್ದೆವು. ಅತ್ತೆ ಕಿವಿಯೇ ಇಲ್ಲದವರಂತಿದ್ದರು. ಅವಳು ಹೋದದ್ದೇ ಮೆಲ್ಲಗೆ ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಒಳಗಿಂದ ಚೀರಾಟ.

"ಉರಿ! ಬೆಂಕಿ ಇಟ್ಟಂಗ ಉರಿಯಾಕತ್ತೈತಿ! ನನಗೂ ಬಂತವಾ ತಂಗೀ ಬ್ಯಾನಿ! ನಡಿ ಹಾವೇರಿಗೆ, ಲಗೂ ನಡಿ!"

ಉರಿ ಯಾತರದ್ದೆಂದು ಅವರ ಕೆಂಪಾದ ಬೆರಳು ನೋಡಿದಾಗಲೇ ನನಗೆ ಗೊತ್ತಾಯಿತು. ಆದರೆ ತಾವಾಗಿಯೇ ನಡಿ ಎಂದವರನ್ನು ಬಿಡಲಾದೀತೇ? ಬಾಯಿ ಮುಚ್ಚಿಕೊಂಡು ಕರೆದೊಯ್ದೆ.

ಹಾವೇರಿಯ ಡಾಕ್ಟರಮ್ಮ ಪರದೆ ಎಳೆದರು. ಒಳಗಿಂದ ಒಂದು ಸೀನು ಕೇಳಿಸಿತು. ಹಿಂದೆಯೇ ಇನ್ನೊಂದು.

"ಅಮ್ಮಾರ, ಗಂಟು ಗಿಂಟು ಏನೂ ಇಲ್ರಿ," ಎನ್ನುತ್ತ ಡಾಕ್ಟರಮ್ಮ ಮೂಗು ಒರೆಸಿಕೊಳ್ಳುತ್ತ ಹೊರಬಂದರು. "ಆದ್ರ ಮುಂದ ಕೈ ತೊಳಕೊಂಡು ನೋಡ್ಕೋರಿ."

ಅತ್ತೆ ಸೆರಗಿನಿಂದ ಬಹಳ ಹೊತ್ತು ಕಣ್ಣು ಒರೆಸಿಕೊಂಡರು. ನಾನು ನೋಡುವುದನ್ನು ಕಂಡು "ಖಾರದ್ದು" ಎಂದರು.

ಅಷ್ಟರಲ್ಲಿ ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ನಿಮಗೂ ಮೂವತ್ತು ದಾಟಿರಬೇಕಲ್ಲ. ನಿಮ್ದು ಯಾವಾಗ ಮಾಡಿಸೀರಿ?"

ಮಗಳ ಶಾಲೆ, ಒಲೆ ಮೇಲಿನ ಹಾಲು, ತಪ್ಪಿ ಹೋಗುವ ಬಸ್ಸು, ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳುತ್ತ ನಾನು ಬಾಗಿಲ ಕಡೆ ಸರಿದೆ. ಅತ್ತೆ ನನ್ನ ಸೆರಗು ಹಿಡಿದು ನಿಲ್ಲಿಸಿದರು.

"ಯಾಕ ಯವ್ವಾ? ನೀನೂ ಚಹಾ ಕುಡದ ಬಂದೀಯೇನ?"